ತವರಿನ ತಂತಿ

೫ ಅಕ್ಟೋಬರ್ ೧೯೯೬, ಶನಿವಾರ

ಪಾಠ ಬಂತು. ಕಂದು ಲಕೋಟೆಯ ಮೇಲೆ ಇವರ ಹೆಸರು ಟೈಪ್ ಮಾಡಿದ್ದಾರೆ: ಕೆ. ಚನ್ನೇಶ್, ಹೊಸಬಾಳೆ, ಸೊರಬ ತಾಲ್ಲೂಕು. ಒಳಗೆ ಎರಡು ತೆಳು ಪುಸ್ತಕ, ಒಂದು ಕ್ಯಾಸೆಟ್ಟು. ಪುಸ್ತಕದ ಮೊದಲ ಪುಟದಲ್ಲೇ ಇದೆ: ವಿದ್ಯಾರ್ಥಿಯು ತಾನು ಕಲಿತದ್ದನ್ನು ದಿನಚರಿಯಲ್ಲಿ ಬರೆದಿಡತಕ್ಕದ್ದು.

"ಬರಿ ಹಂಗಾರೆ," ಅಂದರು ಇವರು.

ಇವರ ಬಲಗೈ ಹೆಬ್ಬೆರಳು ಮತ್ತು ಪಕ್ಕದ ಬೆರಳುಗಳು ಮಡಚುವುದಿಲ್ಲ, ಆ ಕೈಗೆ ಸ್ಪರ್ಶವೂ ಸರಿಯಾಗಿ ತಿಳಿಯುವುದಿಲ್ಲ. ಹೋದ ಬೇಸಿಗೆಯಲ್ಲಿ ಏಣಿಯಿಂದ ಬಿದ್ದದ್ದು. ಸುತ್ತಲಿನ ಊರಿಗೆಲ್ಲ ವೈರಿಂಗ್ ಮಾಡಿದ ಕೈ ಅದು. ಆಗೆಲ್ಲ ಯಾರೂ ಕಾಗದ ಕೇಳಿರಲಿಲ್ಲ. ಈಗ ಪರ್ಮಿಟ್ ಇದ್ದವರು ಕೆಲಸ ಮಾಡಿ ಸಹಿ ಹಾಕದಿದ್ದರೆ ಹೊಸ ಮನೆಗೆ ಕರೆಂಟ್ ಕೊಡುವುದಿಲ್ಲವಂತೆ. ಪರ್ಮಿಟ್ ಸಿಕ್ಕರೆ ನಮಗೆ ಕೆಲಸ ಉಂಟು, ಸಿಗದಿದ್ದರೆ ಇಲ್ಲ. ಅದಕ್ಕೇ ಈ ಓದು. ಮನೆಯಲ್ಲಿ ಪುಸ್ತಕ ಮತ್ತು ಕ್ಯಾಸೆಟ್ಟು, ಭಾನುವಾರ ಶಿಕಾರಿಪುರದ ಇನಾಯತ್ ಉಲ್ಲಾ ಸಾಹೇಬರ ಅಂಗಡಿಯಲ್ಲಿ ಕೈಕೆಲಸ, ಕೊನೆಗೆ ಶಿವಮೊಗ್ಗದಲ್ಲಿ ಪರೀಕ್ಷೆ.

ಇವರು ಹೇಳುವುದು, ನಾನು ಬರೆಯುವುದು ಅಂತ ಮಾತಾಗಿದೆ. ಇವರ ದಿನಚರಿಯನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟೆ. ಇದು ನನ್ನದು. ಗೊಬ್ಬರದ ಅಂಗಡಿಯವರು ಕೊಟ್ಟ ಹಳೆ ಡೈರಿ. ಅಚ್ಚಾದ ತಾರೀಖು ಹೊಡೆದುಹಾಕಿ ನನ್ನ ತಾರೀಖು ಹಾಕಿಕೊಂಡೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಅನ್ನುತ್ತಾರೆ ಅತ್ತೆ. ಉತ್ತರದ ಹಾಳೆಯ ಮೇಲೆಲ್ಲ ಬರೆಯಬೇಕಲ್ಲ, ಅದಕ್ಕೇನು ಮಾಡುವುದೋ.

೮ ಅಕ್ಟೋಬರ್, ಮಂಗಳವಾರ

ಕ್ಯಾಸೆಟ್ ಹಾಕಿದೆವು. ಕರೆಂಟ್ ಇರಲಿಲ್ಲ. ಟೇಪ್ ರೆಕಾರ್ಡರಿಗೆ ಹಳೆ ಶೆಲ್ಲುಗಳನ್ನೇ ಬಿಸಿಲಿಗಿಟ್ಟು ಹಾಕಿದೆ. "ನಮಸ್ಕಾರ, ವಿದ್ಯಾರ್ಥಿಗಳೇ" ಅಂತ ಒಂದು ಗಂಡು ಧ್ವನಿ ಬಾವಿಯ ತಳದಿಂದ ಬಂದ ಹಾಗೆ ಬಂತು. ನಿಧಾನ, ಬಲು ನಿಧಾನ. ಅತ್ತೆ ರಾಜೇಶ್ವರಮ್ಮ ಕಂಬದ ಹಿಂದೆ ಸರಿದು ತಲೆ ತುಂಬ ಸೆರಗು ಹೊದ್ದುಕೊಂಡರು.

"ಮೇಷ್ಟ್ರು ಯಾವ ಊರಿನೋರೇ?"

"ಬೆಂಗಳೂರು, ಅತ್ತೆ."

"ಉಂಡ್ಕಂಡು ಬಂದಾರೋ ಇಲ್ವೋ ಕೇಳು. ಧ್ವನಿ ಸೋತುಹೋಗ್ಯದೆ, ಪಾಪ."

ಇವರು ನಕ್ಕರು. ಬಿದ್ದ ಮೇಲೆ ಇವರು ನಕ್ಕದ್ದು ಇದೇ ಮೊದಲೇನೋ. ಸೋತದ್ದು ಶೆಲ್ಲು, ಮೇಷ್ಟ್ರಲ್ಲ. ಸಂಜೆ ಹೊಸ ಶೆಲ್ಲು ಹಾಕಿದಾಗ ಮೇಷ್ಟ್ರು ಚುರುಕಾಗಿ ಮಾತಾಡಿದರು. ಆದರೆ ನನಗೆ ಹಗಲಿನ ಧ್ವನಿಯೇ ಇಷ್ಟವಾಗಿತ್ತು. ಕರೆಂಟು ತಂತಿಯೊಳಗೆ ಹೊಳೆಯ ಹಾಗೆ ಹರಿಯುತ್ತದೆ ಅಂತ ಅದು ಹೇಳುವಾಗ ಕಣ್ಣು ಮುಚ್ಚಿದರೆ ನಮ್ಮೂರ ದಂಡಾವತಿ ಕಾಣುತ್ತಿತ್ತು, ಸಂಜೆ ಬಿಸಿಲಿನಲ್ಲಿ ಹೊಳೆಯುತ್ತ.

೧೩ ಅಕ್ಟೋಬರ್, ಭಾನುವಾರ

ಇವರು ಬರೆಯಲಾರರು, ಅದಕ್ಕೆ ತರಗತಿಗೆ ನಾನೂ ಹೋದೆ. ಸೊರಬದಿಂದ ಶಿರಾಳಕೊಪ್ಪ, ಅಲ್ಲಿಂದ ಶಿಕಾರಿಪುರ. ನಡುವೆ ಬಳ್ಳಿಗಾವಿಯ ತಿರುವು. ನನ್ನ ತವರು. ಬಸ್ಸು ನಿಂತಿತು, ಯಾರೋ ಇಳಿದರು, ಯಾರೋ ಹತ್ತಿದರು. ನಾನು ಕಿಟಕಿಯಲ್ಲಿ ನೋಡಿದೆ.

ಅಪ್ಪನ ಮನೆಗೆ ಇವತ್ತಿಗೂ ಕರೆಂಟಿಲ್ಲ. "ಅದು ಮಿಂಚಿನ ಮರಿ. ಮನೆಯೊಳಗೆ ಕಟ್ಟಿ ಸಾಕೋಕೆ ಅದೇನು ಆಕಳಾ?" ಅನ್ನುವವರು. ಮದುವೆಯ ಹೊಸತರಲ್ಲಿ ಇವರು ಪುಕ್ಕಟೆ ವೈರಿಂಗ್ ಮಾಡಿಕೊಡುತ್ತೇನೆ ಅಂದದ್ದಕ್ಕೆ ನೆಂಟರೆಲ್ಲರ ಮುಂದೆ ಬೈದಿದ್ದರು. ಇವರು ಬಿದ್ದಾಗ ನೋಡಲು ಬಂದವರು ಹೊಸ್ತಿಲಲ್ಲೇ ನಿಂತು, "ನಾ ಅವತ್ತೇ ಹೇಳಿದ್ದೆ," ಅಂದರು. ಇವರು ಗೋಡೆ ಕಡೆ ತಿರುಗಿ ಮಲಗಿದರು. ಅಪ್ಪ ನೀರೂ ಕುಡಿಯದೆ ಹೋದರು. ಅಲ್ಲಿಗೆ ಹೋಗಿಬರುವುದು ನಿಂತಿತು.

ಸಾಹೇಬರ ಅಂಗಡಿಯ ಹಿಂದೆ ಉದ್ದನೆಯ ಕೋಣೆ. ಸುಟ್ಟ ಮೋಟಾರುಗಳು ಸಾಲಾಗಿ ಕೂತಿದ್ದವು, ವಾರ್ನಿಶ್ ವಾಸನೆ. ಕಲಿಯುವವರೆಲ್ಲ ಗಂಡಸರು. ನಾನು ಹೊರಗೆ ಬೆಂಚಿನ ಮೇಲೆ ಸಾಹೇಬರ ಹೆಂಡತಿ ಶಹಜಹಾನ್ ಬೇಗಂ ಅವರ ಜೊತೆ ಬೆಳ್ಳುಳ್ಳಿ ಬಿಡಿಸುತ್ತ ಕೂತೆ. ಒಳಗೆ ಎರಡು ತಂತಿಗಳನ್ನು ಸುತ್ತಿ ಜೋಡಿಸುವ ಪಾಠ ನಡೆದಿತ್ತು. ಇವರ ಸರದಿ ಬಂತು. ತಂತಿ ಬೆರಳಿನಿಂದ ಜಾರಿತು. ಮತ್ತೆ ಜಾರಿತು. ಯಾರೂ ನಗಲಿಲ್ಲ. ನೋಡಲು ಅದೇ ಕಷ್ಟವಾಯಿತು.

"ವನಜಾ, ಬಾ ಇಲ್ಲಿ," ಅಂತ ಕರೆದರು. "ನಾ ಹೇಳ್ತೀನಿ, ನೀ ಸುತ್ತು."

ಹೋದೆ. ಇವರು ಹೇಳಿದ ಹಾಗೆ, ಜಡೆ ಬಿಗಿದ ಹಾಗೆ ಬಿಗಿದೆ. ಸಾಹೇಬರು ಎರಡೂ ತುದಿ ಹಿಡಿದು ಜಗ್ಗಿ ನೋಡಿದರು.

"ಬಿಚ್ಚಂಗಿಲ್ಲ ಬಿಡಪಾ ಇದು. ಬೆಳ್ಳುಳ್ಳಿ ವಾಸ್ನಿ ಬ್ಯಾರೆ ಬಡದೈತಿ, ಇಲಿನೂ ಮುಟ್ಟಂಗಿಲ್ಲ."

ಎಲ್ಲರೂ ನಕ್ಕರು, ಇವರೂ ನಕ್ಕರು. ಇವರು ಎಷ್ಟು ಚೆನ್ನಾಗಿ ಹೇಳಿಕೊಟ್ಟರು. ಅದಕ್ಕೇ ಬಂತು.

೨೧ ಅಕ್ಟೋಬರ್, ಸೋಮವಾರ

ನಿನ್ನೆ ಆಯುಧಪೂಜೆ, ತರಗತಿಗೆ ರಜೆ. ಅತ್ತೆ ಕಟಿಂಗ್ ಪ್ಲೇಯರ್, ಟೆಸ್ಟರ್, ಏಣಿ, ಎಲ್ಲದಕ್ಕೂ ಅರಿಶಿನ ಕುಂಕುಮ ಇಟ್ಟರು. ಏಣಿಗೆ ಬೇಡ ಅಂದರು ಇವರು. "ಬಿದ್ದೋನು ನೀನು. ಅದು ನಿಂತೇ ಇತ್ತಲ್ಲ," ಅಂದರು ಅತ್ತೆ. ಕ್ಯಾಸೆಟ್ಟಿಗೂ ಇಟ್ಟರು. ಇವತ್ತು ಮೇಷ್ಟ್ರು ನೆಗಡಿ ಹಿಡಿದವರಂತೆ ಮಾತಾಡುತ್ತಿದ್ದಾರೆ.

೩ ನವೆಂಬರ್, ಭಾನುವಾರ

ಇವರಿಗೆ ಬೈಗುಳವಾಯಿತು. ಏನನ್ನೇ ಮುಟ್ಟುವ ಮೊದಲು ಹಿಂಗೈ ತಾಗಿಸಿ ನೋಡುವುದು ಇವರ ಹಳೆಯ ಅಭ್ಯಾಸ. ಅಂಗೈಯಾದರೆ ಹಿಡಿದುಕೊಂಡುಬಿಡುತ್ತದೆ, ಹಿಂಗೈಯಾದರೆ ತಾನೇ ಹಾರಿ ದೂರ ಬರುತ್ತದೆ ಅನ್ನುತ್ತಾರೆ. ಈ ಕಡೆಯ ವೈರಿಂಗಿನವರೆಲ್ಲ ಹೀಗೇ ಮಾಡುವುದು.

"ಕೈ ಏನು ಟೆಸ್ಟರೇನಪಾ ಚನ್ನೇಶ?" ಅಂದರು ಸಾಹೇಬರು.

"ಇಷ್ಟು ವರ್ಷ ಹಿಂಗೇ ಮಾಡೀನಿ, ಸಾಹೇಬ್ರೆ."

"ಇಷ್ಟು ವರ್ಷ ಅದು ನಿನ್ನ ಬಿಟ್ಟೈತಿ. ಅದು ನಿನ್ನ ಜಾಣತನ ಅಲ್ಲ, ಅದರ ದೊಡ್ಡತನ."

ಆಮೇಲೆ ಎಲ್ಲರೂ ಟೆಸ್ಟ್ ಲ್ಯಾಂಪ್ ಮಾಡಿದೆವು. ಒಂದು ಬಲ್ಬಿಗೆ ಎರಡು ಉದ್ದನೆಯ ತಂತಿ, ಅಷ್ಟೇ. ಒಂದು ತುದಿ ಕರೆಂಟಿಗೆ, ಇನ್ನೊಂದು ತುದಿ ನೋಡಬೇಕಾದ ತಂತಿಗೆ ಇಟ್ಟಾಗ ಬಲ್ಬು ಹೊತ್ತಿದರೆ ದಾರಿ ಉಂಟು. ಹೊತ್ತದಿದ್ದರೆ ಎಲ್ಲೋ ದಾರಿ ಕಡಿದಿದೆ. ಮನುಷ್ಯರಿಗೂ ಇಂಥದ್ದೊಂದು ಇದ್ದಿದ್ದರೆ ಅಂತ ಬರುವಾಗ ಬಳ್ಳಿಗಾವಿ ತಿರುವಿನಲ್ಲಿ ಅನ್ನಿಸಿತು.

೭ ನವೆಂಬರ್, ಗುರುವಾರ

ಬೆಳಗಿನ ಜಾವದ ಕನಸು. ಹಿತ್ತಿಲಿನ ಹೀರೇಬಳ್ಳಿ ತಾಮ್ರದ್ದಾಗಿತ್ತು. ಬೇಲಿ ದಾಟಿ, ಗದ್ದೆ ದಾಟಿ, ಬಳ್ಳಿಗಾವಿಯ ಕೆರೆ ಏರಿ ಹಿಡಿದು ಹೋಗುತ್ತಿತ್ತು. ನಾನು ಅದಕ್ಕೆ ಕಿವಿ ಇಟ್ಟೆ. ಒಳಗೆ ಯಾರೋ ಗೆಜ್ಜೆ ಕಟ್ಟಿಕೊಂಡು ಓಡುತ್ತಿದ್ದರು, ಬಹಳ ಅವಸರ ಇದ್ದ ಹಾಗೆ. "ಎಲ್ಲಿಗೇ?" ಅಂತ ಕೇಳಿದೆ. ಉತ್ತರ ಬರುವ ಮೊದಲೇ ಎಚ್ಚರವಾಯಿತು. ಹಾಲು ಕರೆಯಲು ತಡವಾಗಿ ಎಮ್ಮೆ ಒದೆಯಿತು.

೧೨ ನವೆಂಬರ್, ಮಂಗಳವಾರ

ದೀಪಾವಳಿಗೆ ತವರಿನಿಂದ ಯಾರೂ ಕರೆಯಲು ಬರಲಿಲ್ಲ. ಬರುತ್ತಾರೆ ಅಂತ ನಾನೇನೂ ಅಂದುಕೊಂಡಿರಲಿಲ್ಲ. ಆದರೂ ಸೀರೆ ಮಡಿಚಿಟ್ಟಿದ್ದೆ.

ಮನೆ ಮುಂದೆ ಸಣ್ಣ ಬಲ್ಬಿನ ಸರ ಹಾಕಿದೆ. ಒಂದು ಹೊತ್ತಲಿಲ್ಲ ಅಂದರೆ ಇಡೀ ಸರ ಹೊತ್ತುವುದಿಲ್ಲವಲ್ಲ, ಕೂತು ಒಂದೊಂದೇ ನೋಡಿ, ಸತ್ತದ್ದನ್ನು ಹುಡುಕಿ ಬದಲಾಯಿಸಿದೆ. ಹೊತ್ತಿಕೊಂಡಾಗ ಪಕ್ಕದ ಮನೆ ವರದಮ್ಮ ಅಂಗಳದಿಂದಲೇ, "ಓಹೋ, ವನಜಕ್ಕನೇ ಲೈನ್‌ಮನ್ ಆಗ್ಬಿಟ್ಳು!" ಅಂದಳು. ಇವರು ಎದ್ದು ಒಳಗೆ ಹೋದರು. ಊಟಕ್ಕೆ ಕರೆದರೆ, "ಎಲ್ಲಾ ನಿಂಗೇ ಗೊತ್ತದಲ್ಲ, ನೀನೇ ಉಣ್ಣು," ಅಂದರು.

ಯಾಕೆ ಸಿಟ್ಟು ಬಂತೋ. ಹಬ್ಬದ ಓಡಾಟದಲ್ಲಿ ಕೈ ನೋವಾಗಿರಬೇಕು.

೧ ಡಿಸೆಂಬರ್, ಭಾನುವಾರ

ಇವರ ಉತ್ತರಗಳು ತಿದ್ದಿಸಿಕೊಂಡು ಬಂದಿವೆ. ಕೆಂಪು ಶಾಯಿಯಲ್ಲಿ "ತುಂಬಾ ಚೆನ್ನಾಗಿದೆ" ಅಂತ ಇದೆ. ಎಷ್ಟು ಸಂತೋಷವಾಯಿತು. ಈಗೀಗ ಇವರು ಬಾಯಿಬಿಟ್ಟು ಉತ್ತರ ಹೇಳುವುದಿಲ್ಲ. ಪಕ್ಕದಲ್ಲಿ ಶೇಂಗಾ ಸುಲಿಯುತ್ತ ಕೂತಿರುತ್ತಾರೆ. ಒಮ್ಮೊಮ್ಮೆ ಅಲ್ಲೇ ನಿದ್ದೆ ಹೋಗುತ್ತಾರೆ. ಇವರು ಹತ್ತಿರ ಇದ್ದರೆ ಸಾಕು, ಬರೆಯಲು ಬರುತ್ತದೆ.

೧೮ ಡಿಸೆಂಬರ್, ಬುಧವಾರ

ಒಂಬತ್ತನೆಯ ಪಾಠ, ಅರ್ಥ್ ಹಾಕುವುದು. ಮನೆಯಲ್ಲೇ ಮಾಡಿ ನೋಡಿ ಅಂತ ಮೇಷ್ಟ್ರು ಕ್ಯಾಸೆಟ್ಟಿನಲ್ಲಿ ಹೇಳಿದರು. ನಮ್ಮ ಬಾವಿಯ ಮೋಟಾರಿಗೆ ಅರ್ಥ್ ಇರಲೇ ಇಲ್ಲ. ಕೂಲಿಗೆ ಬರುವ ಗುಡ್ಡಪ್ಪ ದಾಸವಾಳದ ಗಿಡದ ಪಕ್ಕ ಆಳವಾಗಿ ಗುಂಡಿ ತೋಡಿದ. ನಡುವೆ ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿದೆವು. ಪೈಪಿನ ತಲೆಗೆ ಬೋಲ್ಟ್ ಹಾಕಿ ತಂತಿ ಬಿಗಿದು, ಆ ತಂತಿಯನ್ನು ಮೋಟಾರಿನ ಮೈಗೆ ಜೋಡಿಸಿದೆವು.

"ಅನ್ನಕ್ಕೆ ಹಾಕೋ ಉಪ್ಪನ್ನ ಮಣ್ಣಿಗೆ ಹಾಕ್ತೀರಲ್ಲೇ," ಅಂದರು ಅತ್ತೆ. "ಎಂತಕ್ಕೆ ಇದೆಲ್ಲ?"

ಪುಸ್ತಕದಲ್ಲಿದ್ದದ್ದನ್ನು ಓದಿ ಹೇಳಿದೆ. ಅವರಿಗೆ ತಿಳಿಯಲಿಲ್ಲ. ಸಂಜೆ ಅವರೆಕಾಯಿ ಸುಲಿಯುತ್ತ ನನ್ನ ಅಜ್ಜಿ ಹೇಳುತ್ತಿದ್ದ ರೀತಿಯಲ್ಲಿ ಹೇಳಿದೆ.

ಭೂಮಿತಾಯಿಗೆ ಒಬ್ಬಳು ಮಗಳಿದ್ದಳು, ಮಿಂಚಿನಂಥವಳು. ಅವಳನ್ನು ತಂತಿಯ ಮನೆಗೆ ಕೊಟ್ಟರು. ಹಗಲೂ ರಾತ್ರಿ ಗೇಯುತ್ತಾಳೆ. ನೀರೆತ್ತುತ್ತಾಳೆ, ಹಿಟ್ಟು ಬೀಸುತ್ತಾಳೆ, ದೀಪ ಹಚ್ಚುತ್ತಾಳೆ. ನಡೆಯೋ ದಾರಿ ಸರಿ ಇದ್ದಷ್ಟು ದಿನ ಯಾರಿಗೂ ಏನೂ ಮಾಡುವುದಿಲ್ಲ. ಒಂದು ದಿನ ಮನೆಯಲ್ಲಿ ಏನೋ ಕೆಡುತ್ತದೆ, ಅವಳು ಮುನಿಸಿಕೊಂಡು ಹೊರಗೆ ಬರುತ್ತಾಳೆ. ಬಂದವಳಿಗೆ ಇರುವುದು ಒಂದೇ ಆಸೆ: ತವರಿಗೆ ಹೋಗಬೇಕು, ತಾಯಿಯ ಮಡಿಲು ಸೇರಬೇಕು. ದಾರಿ ಮಾಡಿಟ್ಟಿದ್ದರೆ ಸದ್ದಿಲ್ಲದೆ ಹೋಗುತ್ತಾಳೆ. ಇಲ್ಲದಿದ್ದರೆ ಎದುರಿಗೆ ಯಾರು ನಿಂತಿದ್ದಾರೋ ಅವರ ಮೈಯನ್ನೇ ದಾರಿ ಮಾಡಿಕೊಂಡು ಹೋಗುತ್ತಾಳೆ. ನಾವು ತೋಡಿದ್ದು ಆ ದಾರಿ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ದಾರಿ ಮುಚ್ಚುತ್ತದೆ, ಅದಕ್ಕೇ ದಿನಾ ಒಂದು ಕೊಡ ನೀರು ಹಾಕಬೇಕು.

ಅತ್ತೆ ಸುಲಿದ ಕಾಳನ್ನೆಲ್ಲ ಮೊರಕ್ಕೆ ಸುರಿದರು.

"ನಂಗೆ ಯಾರೂ ದಾರಿ ಮಾಡ್ಕೊಡಲಿಲ್ಲ ನೋಡು," ಅಂದರು ಆಮೇಲೆ. "ನೀರು ನಾನೇ ಹಾಕ್ತೀನಿ ಬಿಡು."

೧೫ ಜನವರಿ ೧೯೯೭, ಬುಧವಾರ

ನಿನ್ನೆ ಸಂಕ್ರಾಂತಿ. ಅತ್ತೆ ಪೈಪಿಗೆ ಅರಿಶಿನ ಹಚ್ಚಿ, ದಾಸವಾಳ ಮುಡಿಸಿ, ಎಳ್ಳು ಬೆಲ್ಲ ಇಟ್ಟಿದ್ದಾರೆ. ಪೂಜೆ ಶುರುವಾಗಿ ಹದಿನೈದು ದಿನವಾಯಿತು, ಹೆಸರೂ ಆಗಿದೆ: ತವರಮ್ಮ. ಬೀದಿಯ ಹೆಂಗಸರು ಬಂದು ಕೈಮುಗಿದು ಹೋಗುತ್ತಾರೆ. ಹೋದ ವಾರ ವರದಮ್ಮ ಬಾಣಂತನಕ್ಕೆ ಬರಬೇಕಾದ ಮಗಳನ್ನು ಬೀಗರು ಕಳಿಸಲಿ ಅಂತ ಹರಕೆ ಹೊತ್ತಳು. ಅವರು ಕಳಿಸಿಯೂ ಬಿಟ್ಟರು.

ಭಾನುವಾರ ತರಗತಿಯಲ್ಲಿ ಹೇಳಿದಾಗ ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. "ನಾ ಮೂವತ್ತು ವರ್ಷದಿಂದ ಬಡ್ಕೊಳ್ತೀನಿ, ಗುಂಡಿಗೆ ನೀರು ಹಾಕ್ರಿ ಅಂತ. ಯಾರೂ ಹಾಕಿಲ್ಲ. ನಿಮ್ಮತ್ತಿ ಹಾಕ್ತಾರಂದ್ರ ಪೂಜಿ ಮಾಡ್ಲಿ ಬಿಡಮ್ಮ, ಕೆಡೋದೇನೈತಿ?"

ನನಗೂ ಹಾಗೇ ಅನ್ನಿಸಿತು.

೨೩ ಜನವರಿ, ಗುರುವಾರ

ಕರೆಂಟಿಲ್ಲ. ಕರೆಂಟಿನ ಪಾಠವನ್ನು ಚಿಮಣಿ ಬುಡ್ಡಿಯಲ್ಲಿ ಓದಿದೆ.

೧೬ ಫೆಬ್ರವರಿ, ಭಾನುವಾರ

ಪರೀಕ್ಷೆ ಯುಗಾದಿ ಆದ ಮೇಲೆ. ತಮ್ಮ ಕೈಕೆಳಗೆ ಕಲಿತವರು ಅಂತ ಸಾಹೇಬರು ಬರೆದುಕೊಟ್ಟರೆ ಮಾತ್ರ ಕೂರಬಹುದು. ಅಲ್ಲಿ ಅಧಿಕಾರಿಗಳ ಮುಂದೆ ಸ್ವಂತ ಕೈಯಲ್ಲೇ ಬೋರ್ಡು ಜೋಡಿಸಿ ತೋರಿಸಬೇಕಂತೆ. ಪಕ್ಕದಲ್ಲಿ ನಿಂತು ಇನ್ನೊಬ್ಬರು ಹಿಡಿದುಕೊಡುವ ಹಾಗಿಲ್ಲ.

"ನಾ ಕಂಡದ್ದಷ್ಟೇ ಬರೀತೀನಿ," ಅಂದರು ಸಾಹೇಬರು, ಯಾರನ್ನೂ ನೋಡದೆ.

ಇವರ ಕೈ ಅಷ್ಟರಲ್ಲಿ ಹೇಗೆ ಸರಿಹೋದೀತು? ಬರುವಾಗ ಬಸ್ಸಿನಲ್ಲಿ ಇವರು ತಮ್ಮ ಬಲಗೈಯನ್ನೇ ನೋಡುತ್ತ ಕೂತಿದ್ದರು. ಬಳ್ಳಿಗಾವಿ ತಿರುವು ಬಂದಾಗ, "ಇಳೀತೀಯಾ?" ಅಂತ ಕೇಳಿದರು. ಬೇಡ ಅಂದೆ. ಬಸ್ಸು ಹೊರಟಿತು. ಮನೆಗೆ ಬಂದು ಎಳ್ಳೆಣ್ಣೆ ಬಿಸಿ ಮಾಡಿ ಇವರ ಬೆರಳು ತಿಕ್ಕಿದೆ. ಒಂದು ಬೆರಳು ಸ್ವಲ್ಪ ಮಡಚಿದ ಹಾಗಿತ್ತು. ನನಗೆ ಹಾಗೆ ಕಂಡಿತೇನೋ.

೮ ಮಾರ್ಚ್, ಶನಿವಾರ

ಏನು ಬರೆಯಲಿ. ಇವರು ಬದುಕಿದ್ದಾರೆ. ಅದನ್ನೇ ಮೊದಲು ಬರೆಯುತ್ತೇನೆ.

ನಿನ್ನೆ ಶಿವರಾತ್ರಿ. ಬೆಳಗ್ಗೆ ಸ್ನಾನಕ್ಕೆ ನೀರು ಬೇಕು ಅಂತ ಮೋಟಾರ್ ಹಾಕಿದೆ. ಮೋಟಾರು ಗೊರಗೊರ ಅಂತು, ನೀರು ಏರಲಿಲ್ಲ. ಇವರು ನೋಡಲು ಹೋದರು. ಬಾವಿಕಟ್ಟೆಯೆಲ್ಲ ಒದ್ದೆ. ಹಳೆ ಅಭ್ಯಾಸ ಬಿಡಬೇಕಲ್ಲ, ಬಲಗೈ ಹಿಂಗೈಯನ್ನು ಮೋಟಾರಿನ ಮೈಗೆ ತಾಗಿಸಿದರು. ಆ ಕೈಗೆ ಏನು ತಿಳಿಯುತ್ತದೆ? ಏನೂ ಇಲ್ಲ ಅಂದುಕೊಂಡು ಎಡಗೈಯಿಂದ ಹಿಡಿದರು.

ಕೂಗಲಿಲ್ಲ. ಗಂಟಲಿನಿಂದ ಒಂದು ಸದ್ದು ಬಂತು, ಅಷ್ಟೇ. ನಾನು ಜಗುಲಿಯಲ್ಲಿದ್ದೆ. ಅತ್ತೆ ಮಗನ ಕಡೆ ಓಡಿದರು, ನಾನು ಅವರನ್ನು ತಳ್ಳಿದೆ. ಅತ್ತೆಯನ್ನು ತಳ್ಳಿದೆ ಅನ್ನುವುದು ಈಗ ನೆನಪಾಗುತ್ತಿದೆ. ಅವರು ಬಿದ್ದರು. ನನ್ನ ಕಿವಿಯಲ್ಲಿ ಆ ಧ್ವನಿ ಇತ್ತು, ಶೆಲ್ಲು ಸೋತಾಗಿನ ನಿಧಾನದ ಧ್ವನಿ. "ಮೊದಲು... ಮೇನ್... ಸ್ವಿಚ್ಚು..." ಎಲ್ಲವೂ ಅಷ್ಟೇ ನಿಧಾನವಾಗಿತ್ತು, ನೀರಿನೊಳಗೆ ನಡೆಯುವ ಹಾಗೆ. ಮೇನ್ ಎಳೆದೆ. ಇವರು ಒದ್ದೆ ನೆಲಕ್ಕೆ ಕುಸಿದರು. ಎದೆಗೆ ಕಿವಿ ಇಟ್ಟೆ. ಒಳಗೆ ಯಾರೋ ಓಡುತ್ತಿದ್ದರು, ಅವಸರದಲ್ಲಿ.

ಇವರಿಗೆ ಮಾತು ಬಂದ ಮೇಲೆ ಕೇಳಿದ್ದು: "ಅರ್ಥ್ ಹಾಕಿದ್ವಲ್ಲೇ?"

ಅದೇ ನನ್ನ ತಲೆಯಲ್ಲೂ ಇತ್ತು. ಮೋಟಾರಿನ ತಂತಿ ಬಿಡಿಸಿಟ್ಟು, ಮೇನ್ ಹಾಕಿ, ಟೆಸ್ಟ್ ಲ್ಯಾಂಪ್ ತಂದೆ. ಕರೆಂಟ್ ಬರುವ ಫೇಸಿನಿಂದ ಅದು ಹಿಂತಿರುಗುವ ನ್ಯೂಟ್ರಲ್ಲಿಗೆ ಇಟ್ಟೆ, ಹೊತ್ತಿತು. ಫೇಸಿನಿಂದ ಅರ್ಥ್ ತಂತಿಗೆ ಇಟ್ಟೆ, ಹೊತ್ತಲಿಲ್ಲ. ದಾರಿ ಕಡಿದಿದೆ. ಮೇನ್ ತೆಗೆದು ತಂತಿ ಹಿಡಿದುಕೊಂಡು ದಾಸವಾಳದ ಗಿಡದವರೆಗೆ ಹೋದೆ.

ಪೈಪು ಹುಣಸೆಹಣ್ಣು ಹಾಕಿ ಉಜ್ಜಿದ್ದಕ್ಕೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಮೂರು ಬೆರಳ ವಿಭೂತಿ, ಸೇವಂತಿಗೆ ದಂಡೆ. ಬೋಲ್ಟಿಲ್ಲ. ಬಿಚ್ಚಿದ ತಂತಿಯನ್ನು ಜೋಪಾನವಾಗಿ ಸುತ್ತಿ, ಅರಿಶಿನದ ದಾರ ಕಟ್ಟಿ, ಗಿಡದ ಬುಡದಲ್ಲಿ ಇಟ್ಟಿದ್ದರು.

ಅತ್ತೆ ಹಿಂದೆಯೇ ಬಂದಿದ್ದರು. ಮೊಣಕೈ ತರಚಿತ್ತು.

"ತಾಯಿ ಕೊರಳಿಗೆ ಉರುಳು ಹಾಕಿದಂಗೆ ಕಾಣ್ತಿತ್ತು ಕಣೇ. ಹಬ್ಬದ ದಿನ ದೇವರನ್ನ ಕಟ್ಟಿಹಾಕಬಾರದು ಅಂತ ವರದಮ್ಮನೂ ಅಂದ್ಲು. ಗುಡ್ಡಪ್ಪನ ಹತ್ರ ಪಾನಾ ತರಿಸಿ ಬಿಚ್ಚಿಸಿದೆ." ಆಮೇಲೆ ನನ್ನ ಮುಖ ನೋಡಿ ಅವರಿಗೇ ಹೊಳೆಯಿತು. "ಅಯ್ಯೋ ಶಿವನೇ. ನಾನೇ ಮಾಡಿದ್ನಾ?"

ಕಥೆ ಹೇಳಿದವಳು ನಾನು. ತಾಯಿಯ ಬಗ್ಗೆ ಹೇಳಿದ್ದೆ, ಮಗಳ ಬಗ್ಗೆ ಹೇಳಿದ್ದೆ. ತಂತಿ ಏನು ಅಂತ ಹೇಳಿರಲಿಲ್ಲ.

"ಅತ್ತೆ, ಅದು ಉರುಳಲ್ಲ," ಅಂದೆ. "ಮಗಳು ಹಿಡ್ಕಂಡ ತಾಯಿ ಸೆರಗು ಅದು."

ಅವರು ಅಲ್ಲೇ ಕೂತು ಅತ್ತರು. ನಾನು ಬೋಲ್ಟ್ ಹುಡುಕಿ ಬಿಗಿದೆ. ಮೇನ್ ಹಾಕಿ ಲ್ಯಾಂಪ್ ಇಟ್ಟು ನೋಡಿದೆ, ಹೊತ್ತಿತು. ಮೋಟಾರನ್ನು ಸಾಹೇಬರಿಗೆ ತೋರಿಸಬೇಕು, ಅದರ ಮೈಯೊಳಗೆ ಸೋರಿಕೆ ಇದೆ. ಎಂದಿನಿಂದಲೋ ಇದ್ದಿರಬೇಕು. ಅವಳು ಸದ್ದಿಲ್ಲದೆ ತವರಿಗೆ ಹೋಗುತ್ತಿದ್ದಳು, ನಮಗೆ ತಿಳಿದಿರಲಿಲ್ಲ.

ಇವರು ಜಗುಲಿಯಲ್ಲಿ ಮಲಗಿ ಎಲ್ಲ ನೋಡುತ್ತಿದ್ದರು. "ನಿನ್ನ ಕೈ ನಡುಗ್ಲೇ ಇಲ್ಲ," ಅಂದರು. ನಡುಗಿತೋ ಇಲ್ಲವೋ ನನಗೆ ನೆನಪಿಲ್ಲ. ಆಮೇಲೆ ರೊಟ್ಟಿ ತಟ್ಟಲು ಕೂತೆ.

೯ ಮಾರ್ಚ್, ಭಾನುವಾರ

ವಿಶ್ರಾಂತಿ ತಗೊಳ್ಳಿ ಅಂದರೂ ಕೇಳದೆ ಇವರು ತರಗತಿಗೆ ಹೊರಟರು. ಎಲ್ಲರ ಎದುರಿಗೆ ನಡೆದದ್ದೆಲ್ಲ ಹೇಳಿದರು, ಹಿಂಗೈ ತಾಗಿಸಿದ್ದನ್ನೂ ಬಿಡಲಿಲ್ಲ. ಆಮೇಲೆ, "ಸಾಹೇಬ್ರೆ, ಪರೀಕ್ಷೆಗೆ ಯಾರ ಹೆಸರು ಬರೀತೀರಿ?" ಅಂತ ಕೇಳಿದರು.

"ಯಾರ ಕೈ ಕಂಡೀನೋ ಅವರ ಹೆಸರು."

"ಹಂಗಾರೆ ಇವಳದ್ದು ಬರೀರಿ."

"ಇವರದ್ದು, ಸಾಹೇಬ್ರೆ! ಪಾಠ ಕಲಿತಿದ್ದು ಇವರು. ನಾ ಬರೀ ಬರೆದಿದ್ದು," ಅಂದೆ. ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. "ಹೆಂಗಸರು ಏಣಿ ಹತ್ತೋದು ಅಂದ್ರೆ ಊರು ನಗ್ತದೆ," ಅಂದೆ.

ಬಾಗಿಲಿನಿಂದ ಶಹಜಹಾನ್ ಬೇಗಂ ಅಂದರು: "ಅಟ್ಟ ಹತ್ತಿ ಕಟ್ಟಿಗಿ ಇಳಿಸಂಗಿಲ್ಲೇನು ನೀನು? ಅದು ಏಣಿ ಅಲ್ದೆ ಮತ್ತೇನು, ಉಯ್ಯಾಲಿನಾ?"

ಬಸ್ಸಿನಲ್ಲಿ ನನಗೆ ಅಳು ಬಂತು. ಇವರು ಕಿಟಕಿ ಕಡೆ ನೋಡುತ್ತಿದ್ದರು. ಇವರ ಕಣ್ಣೂ ಒದ್ದೆಯಾಗಿತ್ತು, ಗಾಳಿಗೆ ಅಂದರು. ಸ್ವಲ್ಪ ದೂರ ಬಂದ ಮೇಲೆ, "ಏಣಿ ನಾ ಹಿಡ್ಕತೀನಿ," ಅಂದರು. "ಬೀಳೋದು ಹೆಂಗೆ ಅಂತ ನಂಗೆ ಗೊತ್ತದೆ. ಬೀಳದಂಗೆ ಹಿಡಿಯೋಕೂ ಬರ್ತದೆ."

ಉತ್ತರದ ಹಾಳೆಗೆ ಇಷ್ಟು ದಿನ ಇವರ ಹೆಸರು ಬರೆದು ಕೈಗೆ ಅದೇ ರೂಢಿ. ಇವತ್ತು ಪರೀಕ್ಷೆಯ ಅರ್ಜಿಯಲ್ಲಿ ನನ್ನ ಹೆಸರು ಬರೆಯಲು ಹೋಗಿ ಅರ್ಧ ಚನ್ನೇಶ್ ಬರೆದು ಹೊಡೆದುಹಾಕಿದೆ.

೨೨ ಏಪ್ರಿಲ್, ಮಂಗಳವಾರ

ಶಿವಮೊಗ್ಗ. ಬೋರ್ಡು ಜೋಡಿಸಿದೆ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು, ನಾನು ಎಲ್ಲೋ ಇದ್ದೆ, ಹೊಳೆ ದಂಡೆಯಲ್ಲಿ ಇದ್ದ ಹಾಗೆ. ಕೊನೆಗೆ ಅಧಿಕಾರಿ, "ಅರ್ಥ್ ಯಾಕೆ ಹಾಕ್ತಾರಮ್ಮ?" ಅಂತ ಕೇಳಿದರು. "ಭೂಮಿತಾಯಿಗೆ ಒಬ್ಬಳು ಮಗಳಿದ್ದಳು" ಅಂತ ಶುರು ಮಾಡಿಯೇ ಬಿಟ್ಟಿದ್ದೆ. ನಾಲಿಗೆ ಕಚ್ಚಿಕೊಂಡು ಪುಸ್ತಕದಲ್ಲಿದ್ದದ್ದನ್ನು ಹೇಳಿದೆ. ಅವರು ಬರೆದುಕೊಂಡರು. ಏಳುವಾಗ ಕೇಳಿದರು:

"ಆ ಮಗಳು ಏನಾದ್ಳು?"

"ತವರಿಗೆ ಹೋದ್ಳು, ಸರ್."

"ಒಳ್ಳೇದಾಯ್ತು," ಅಂದರು. ಹೊರಗೆ ಇವರು ಬುತ್ತಿ ಹಿಡಿದುಕೊಂಡು ಬೇವಿನ ಮರದ ಕೆಳಗೆ ಕಾಯುತ್ತಿದ್ದರು.

೨೮ ಮೇ, ಬುಧವಾರ

ನಮ್ಮ ಪರ್ಮಿಟ್ ಬಂದು ವಾರವಾಯಿತು. ಬರೆಯಲು ಪುರುಸೊತ್ತಿಲ್ಲ. ಉಗುರಿನೊಳಗೆ ಇದ್ದಿಲ ಮಸಿ ಸೇರಿಕೊಂಡು ಹೋಗುವುದೇ ಇಲ್ಲ, ನಿಂಬೆಸಿಪ್ಪೆಯಲ್ಲಿ ಉಜ್ಜಿದರೂ.

ಶುಕ್ರವಾರ ತಮ್ಮ ಮಲ್ಲಿಕಾರ್ಜುನ ಬಂದಿದ್ದ. ತವರಮ್ಮನ ಕಥೆ ಬಸ್ಸಿನಲ್ಲಿ ಬಳ್ಳಿಗಾವಿಯವರೆಗೂ ಹೋಗಿದೆಯಂತೆ. ಯಾರೋ ಅದನ್ನು ಅಪ್ಪನಿಗೇ ಹೇಳಿದರಂತೆ, ಯಾರ ಮಗಳು ಕಟ್ಟಿದ ಕಥೆ ಅಂತ ತಿಳಿಯದೆ. ಅಪ್ಪ ಅವತ್ತು ಊಟ ಮಾಡಲಿಲ್ಲವಂತೆ. ಮಾರನೆಯ ದಿನ, "ಮನೆಗೆ ಕರೆಂಟ್ ಹಾಕಿಸಾಣ. ಅವಳೇ ಬಂದು ಹಾಕೋದಾದ್ರೆ," ಅಂದರಂತೆ.

ಇವತ್ತು ಹೋದೆವು. ಬಸ್ಸು ತಿರುವಿನಲ್ಲಿ ನಿಂತಿತು. ಇಳಿದವರು ನಾವು. ಇವರ ಹೆಗಲ ಮೇಲೆ ತಂತಿಯ ಸುರುಳಿ, ನನ್ನ ಕೈಯಲ್ಲಿ ಚೀಲ. ಅಪ್ಪ ಬಾಗಿಲಲ್ಲೇ ನಿಂತಿದ್ದರು. ಇವರನ್ನು ನೋಡಿದರು, ಇವರ ಕೈ ನೋಡಿದರು. "ಬರ್ರಿ ಅಳಿಯಂದಿರೆ, ಮೊದಲು ನೀರು ಕುಡೀರಿ," ಅಂದು ತಾವೇ ಚೊಂಬು ತಂದುಕೊಟ್ಟರು. ಇವರು ಕುಡಿದರು, ಪೂರ್ತಿ.

ವೈರಿಂಗಿಗೆ ಇನ್ನೂ ಮೂರ್ನಾಲ್ಕು ದಿನ ಹಿಡಿಯುತ್ತದೆ. ಇವತ್ತು ಅರ್ಥ್ ಗುಂಡಿ ಮಾಡಿದೆವು, ಅಮ್ಮ ಇದ್ದಾಗ ನೆಟ್ಟಿದ್ದ ಕರಿಬೇವಿನ ಗಿಡದ ಹತ್ತಿರ. ನಾನು ಬೋಲ್ಟ್ ಬಿಗಿಯುವಾಗ ಅಪ್ಪ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ನೋಡುತ್ತಿದ್ದರು. ಮೊದಲ ಕೊಡ ನೀರನ್ನು ಅವರೇ ಹೊಯ್ದರು. ಮಣ್ಣು ಗುಳುಗುಳು ಅಂತ ಕುಡಿಯಿತು.

"ಇದನ್ನ ದಿನಾ ಹಾಕ್ಬೇಕೇನೇ?"

"ಬೇಸಿಗೇಲಿ ಹಾಕ್ಬೇಕು, ಅಪ್ಪ. ತಂತಿ ಮಾತ್ರ ಯಾರೂ ಬಿಚ್ಚಬಾರದು. ವರ್ಷಕ್ಕೊಂದು ಸಲ ನಾನೇ ಬಂದು ಪರೀಕ್ಷೆ ಮಾಡ್ಬೇಕು."

"ವರ್ಷಕ್ಕೊಂದೇ ಸಲನಾ?"

"ಪಾಠದಲ್ಲಿ ಹಂಗೇ ಬರ್ದಾರೆ."

ಅಪ್ಪ ಖಾಲಿ ಕೊಡ ಕೆಳಗಿಟ್ಟು ಒದ್ದೆ ಮಣ್ಣನ್ನು ಅಂಗೈಯಿಂದ ನಿಧಾನವಾಗಿ ತಟ್ಟಿದರು.

"ಆ ಪಾಠ ಬರೆದೋರಿಗೆ ಹೆಣ್ಣುಮಕ್ಕಳಿರಲಿಲ್ಲ ಕಾಣ್ತದೆ," ಅಂದರು.